ಮಾರಾಟಕ್ಕಿಲ್ಲದ ಹೊಲ, ಕೊಳ್ಳಲು ಕಾದವರು
(ರಜತ ಮಹೋತ್ಸವದ ಸದಸ್ಯರ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಸಂಘದ ಇಪ್ಪತ್ತೈದು ವರ್ಷದ ಪ್ರಗತಿಯನ್ನು ಕಾರ್ಯದರ್ಶಿಗಳು ಅಂಕಿಅಂಶ ಸಮೇತ ಓದಿದ್ದಾರೆ. ನಾನು ಅದನ್ನೇ ಮತ್ತೆ ಹೇಳೋದಿಲ್ಲ. ಬೀಳು ಬಿದ್ದಿರುವ ಜಮೀನಿನ ಬಗ್ಗೆ ನಾಲ್ಕು ಮಾತು ಹೇಳಬೇಕು ಅಂತ ನಿಂತಿದ್ದೇನೆ.

ಊರು ಬಿಟ್ಟು ಬೆಂಗಳೂರು ಸೇರಿದವರ ಹೊಲ ಎಷ್ಟಿವೆ ಅಂತ ನಿಮಗೇ ಗೊತ್ತು. ಕೆರೆ ಏರಿ ಮೇಲೆ ನಿಂತು ನೋಡಿದರೆ ಲಂಟಾನ ಬೆಳೆದಿರೋದೆಲ್ಲಾ ಅವೇ. ಗೇಣಿಗೆ ಕೊಡೋಣ ಅಂದರೆ 1974ರ ಭೂಸುಧಾರಣೆ ತಿದ್ದುಪಡಿ ಆದ ಮೇಲೆ ಕಾನೂನಿನ ತೊಡಕು, ಮಾಲೀಕರಿಗೂ ಧೈರ್ಯ ಇಲ್ಲ. ಮಾರೋಕೆ ಅವಸರವೂ ಇಲ್ಲ. ಇತ್ತ ಪಕ್ಕದ ಬದುವಿನವನು, ಆ ಒಂದೆಕರೆ ಸಿಕ್ಕಿದರೆ ಬೋರಿನ ನೀರು ಅಲ್ಲಿಗೂ ಹಾಯಿಸಬಹುದು ಅಂತ ಮನಸ್ಸಿನಲ್ಲೇ ಇಟ್ಟುಕೊಂಡಿರ್ತಾನೆ. ಕೇಳೋಕೆ ಸಂಕೋಚ. "ಹೊಲ ಕೊಡ್ತೀರಾ" ಅಂದರೆ "ನಮಗೇನು ಗತಿ ಕೆಟ್ಟಿದೆಯಾ" ಅಂದುಬಿಟ್ಟಾರು ಅನ್ನೋ ಭಯ. ತಾತ ಮುತ್ತಾತ ಉತ್ತ ಮಣ್ಣು, ಅವರಿಗೆ ನೋವಾಗೋದೂ ಸಹಜವೇ.

ಈ ಸಂಕೋಚ ದಲ್ಲಾಳಿಗಳಿಗೆ ಇಲ್ಲ. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು ತೆಗೆದ ಮೇಲೆ ಕೃಷಿಕರಲ್ಲದವರಿಗೂ ಹೊಲ ಕೊಳ್ಳಲು ದಾರಿಯಾಯಿತು. ಅದು ಸರಿಯೋ ತಪ್ಪೋ ಅನ್ನೋ ಚರ್ಚೆ ಇಲ್ಲಿ ಬೇಡ. ಆದರೆ ತಂತಿ ಬೇಲಿ ಎದ್ದು ಗೇಟಿಗೆ ಬೀಗ ಬಿದ್ದ ಮೇಲೆ, "ನನಗೊಂದು ಮಾತು ಹೇಳಿದ್ದರೆ ನಾನೇ ತಗೋತಿದ್ದೆ" ಅಂತ ಅರಳಿಕಟ್ಟೆಯಲ್ಲಿ ಕೂತು ಹೇಳ್ತೀವಿ. ಮಾಲೀಕರನ್ನು ಕೇಳಿದರೆ "ಊರಲ್ಲಿ ಯಾರೂ ಕೇಳಲೇ ಇಲ್ಲವಲ್ಲ" ಅಂತಾರೆ. ಇಬ್ಬರೂ ಸುಳ್ಳು ಹೇಳ್ತಿಲ್ಲ.

ಅದಕ್ಕೆ ಸಂಘದಲ್ಲಿ ಒಂದು ಪುಸ್ತಕ ಇಡೋಣ. ಮಾರುವವರದಲ್ಲ, ಕೊಳ್ಳುವವರದು. ಯಾವ ಸರ್ವೆ ನಂಬರು, ಎಷ್ಟು ಗುಂಟೆ, ಕೈಯಲ್ಲಿ ಹಣ ಎಷ್ಟು, ಉಳಿದದ್ದು ಎಲ್ಲಿಂದ, ಇಷ್ಟನ್ನೂ ಬರೆದು ಸಹಿ ಹಾಕಬೇಕು. ಬರೀ ಆಸೆ ಇದ್ದವರು ಬರೆಯೋದು ಬೇಡ. ಆಮೇಲೆ ಮಾಲೀಕರಿಗೆ ಸಂಘದಿಂದ ಒಂದು ಕಾಗದ: "ತಾವು ಮಾರಬೇಕೆಂದು ನಾವು ಕೇಳುತ್ತಿಲ್ಲ. ಮುಂದೆ ಆ ಯೋಚನೆ ಬಂದರೆ, ಕೊಳ್ಳಲು ಸಿದ್ಧರಿರುವ ಸದಸ್ಯರು ಇಲ್ಲಿದ್ದಾರೆ." ಅಷ್ಟೇ. ಫೋನ್ ಬೇಡ. ಫೋನಿನಲ್ಲಿ ಕೇಳಿದರೆ ಆಗಲೇ ಉತ್ತರ ಕೊಡಬೇಕಾಗುತ್ತೆ. ಕಾಗದವಾದರೆ ಮನೆಮಂದಿಯೆಲ್ಲ ಓದಿ ಯೋಚನೆ ಮಾಡ್ತಾರೆ. ಬೇಡ ಅಂದರೆ ಮುಗೀತು. ಹಬ್ಬಕ್ಕೆ ಊರಿಗೆ ಬಂದವರನ್ನು ಬಾಗಿಲಿಗೆ ಹೋಗಿ ಕಾಡಬಾರದು.

ಇನ್ನೊಂದು ಮಾತು, ಇದನ್ನು ಒತ್ತಿ ಹೇಳ್ತೀನಿ. ಯಾರ ಸಾಲ ಎಷ್ಟು ಬಾಕಿ ಅನ್ನೋದು ನಮ್ಮ ಲೆಡ್ಜರಿನಲ್ಲಿರುತ್ತೆ. ಅದನ್ನು ನೋಡಿ "ಈಗ ಕೇಳಿದರೆ ಕೊಟ್ಟುಬಿಡ್ತಾರೆ" ಅಂತ ನಿರ್ದೇಶಕರಾಗಲಿ ಸಿಬ್ಬಂದಿಯಾಗಲಿ ಹೊರಗೆ ಬಾಯಿ ಬಿಟ್ಟರೆ ಈ ಪುಸ್ತಕವನ್ನು ಅವತ್ತೇ ಮುಚ್ಚಬೇಕು. ಬೆಲೆಗೆ ಸಂಘ ಕೈ ಹಾಕೋದು ಬೇಡ, ಕಮಿಷನ್ನಂತೂ ಬೇಡವೇ ಬೇಡ.

ಇಬ್ಬರೂ ಒಪ್ಪಿದರು ಅಂತಿಟ್ಟುಕೊಳ್ಳಿ. ಅಡ್ವಾನ್ಸ್ ಕೊಡೋ ಮುಂಚೆ ಪಹಣಿ ನೋಡಿ, ಋಣಭಾರ ಪತ್ರ ತೆಗೆಸಿ. ತೀರಿಹೋದ ತಾತನ ಹೆಸರೇ ಇದ್ದರೆ ಮೊದಲು ಪೌತಿ ಖಾತೆ ಆಗಬೇಕು. 2005ರ ತಿದ್ದುಪಡಿ ಪ್ರಕಾರ ಹಿಂದೂ ಕುಟುಂಬದ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕು. ಕೊಟ್ಟ ಮನೆಯಲ್ಲಿರುವ ಅಕ್ಕತಂಗಿಯರನ್ನು ಬಿಟ್ಟು ಬರೆಸಿಕೊಂಡರೆ ಕೋರ್ಟಿಗೆ ಅಲೆಯಬೇಕಾದೀತು. ಸರ್ವೆ ನಂಬರಿನ ಒಂದು ಭಾಗ ಮಾತ್ರ ಕೊಳ್ಳೋದಾದರೆ 11ಇ ನಕ್ಷೆ ಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು 1978ರ ಕಾಯ್ದೆಯಂತೆ ಪೂರ್ವಾನುಮತಿ ಇಲ್ಲದೆ ಕೊಳ್ಳುವ ಹಾಗೇ ಇಲ್ಲ.

ಮಾರೋದೇ ಇಲ್ಲ ಅನ್ನೋರಲ್ಲೂ ಕೆಲವರು ಅದಲುಬದಲಿಗೆ ಒಪ್ಪಬಹುದು. ಇವರದು ಅವರ ತೋಟದ ಮಧ್ಯೆ, ಅವರದು ಇವರ ಹೊಲದ ಅಂಚಿಗೆ, ಇಂಥದ್ದು ನಮ್ಮಲ್ಲಿ ಬೇಕಾದಷ್ಟಿವೆ. ಅದಕ್ಕೂ ಪುಸ್ತಕದಲ್ಲಿ ಒಂದು ಪುಟ ಇರಲಿ. ವಿನಿಮಯ ಪತ್ರವನ್ನೂ ನೋಂದಣಿ ಮಾಡಿಸಬೇಕು, ಬಾಯಿಮಾತು ಸಾಲದು.

ಮೊದಲ ವರ್ಷ ನಿರ್ದೇಶಕರು ಯಾರೂ ಹೆಸರು ಬರೆಸಬಾರದು ಅಂತ ನನ್ನ ಅಭಿಪ್ರಾಯ. ಅಧ್ಯಕ್ಷರು ನನ್ನ ಕಡೆ ನೋಡ್ತಾ ಇದ್ದಾರೆ, ಅವರ ಹೊಲದ ಪಕ್ಕದಲ್ಲೂ ಒಂದೆಕರೆ ಬೀಳಿದೆ! ಸಭೆ ಒಪ್ಪಿದರೆ ಮುಂದಿನ ಸೋಮವಾರದಿಂದ ಪುಸ್ತಕ ಕಾರ್ಯದರ್ಶಿಗಳ ಮೇಜಿನ ಮೇಲಿರುತ್ತೆ.