ಖಂದಕ್‌ನ ಗೆಲುವು ಎಂಥದು?



ಚಿಕ್ಕ ನಾಡು ದೊಡ್ಡ ನೆರೆನಾಡನ್ನು ಯುದ್ಧದಲ್ಲಿ ಗೆಲ್ಲಬಲ್ಲದೇ ಎಂದರೆ ನಾವು ತಟ್ಟನೆ ಬದ್ರ್ ಎನ್ನುತ್ತೇವೆ. ಎಪ್ಪತ್ತರಷ್ಟು ಮಂದಿ ಹುತಾತ್ಮರಾದ ಉಹುದ್ ನೆನಪಾಗುವುದಿಲ್ಲ.

ಹಿಜರಿ 5ರಲ್ಲಿ ಮಕ್ಕಾ ಮತ್ತು ಮಿತ್ರ ಗೋತ್ರಗಳ ಸುಮಾರು 10,000 ಜನ ಮದೀನಾದ ಮೇಲೆ ಬಂದರು. ಇಲ್ಲಿದ್ದವರು ಸುಮಾರು 3,000. ಪ್ರವಾದಿ(ಸ) ಬಯಲಿಗಿಳಿಯಲಿಲ್ಲ, ಸಲ್ಮಾನ್ ಫಾರಿಸಿ(ರ)ಯವರ ಸಲಹೆಯಂತೆ ಕಂದಕ ತೋಡಿಸಿದರು. ಹಸಿದ ಹೊಟ್ಟೆಯಲ್ಲಿ ತಾವೂ ಮಣ್ಣು ಹೊತ್ತರು. ಮುತ್ತಿಗೆ ಹಾಕಿದವರು ಬಿರುಗಾಳಿ, ಚಳಿಗೆ ಸೋತು ಮರಳಿದರು. ಮಕ್ಕಾದ ಒಂದಂಗುಲವೂ ಸಿಗಲಿಲ್ಲ. ಮದೀನಾ ಉಳಿಯಿತು, ಅಷ್ಟೇ. ಮರುವರ್ಷ ಅದೇ ಮಕ್ಕಾದೊಂದಿಗೆ ಹುದೈಬಿಯಾ ಸಂಧಿ. ಉಮರ್(ರ) ಅವರಂಥವರಿಗೇ ಅದನ್ನು ಅರಗಿಸಿಕೊಳ್ಳುವುದು ಕಷ್ಟವಾಯಿತು!

ನಮ್ಮ ಕಾಲಕ್ಕೆ ಹತ್ತಿರದ್ದು ಫಿನ್ಲೆಂಡ್. 1939ರ ಚಳಿಗಾಲದಲ್ಲಿ ನುಗ್ಗಿದ ಸೋವಿಯತ್ ಸೇನೆಯೆದುರು 105 ದಿನ ನಿಂತಿತು. ಸ್ವಾತಂತ್ರ್ಯ ಉಳಿಯಿತು, ಕರೇಲಿಯಾದ ಬಹುಭಾಗ ಹೋಯಿತು. ಸುಮಾರು 4 ಲಕ್ಷ ಜನ ಮನೆಮಠ ಬಿಟ್ಟರು. ಇದು ಗೆಲುವೇ? ದೇಶಕ್ಕೆ ಹೌದೆನ್ನಬಹುದು. ಗಂಟುಮೂಟೆ ಕಟ್ಟಿ ಹಿಮದಲ್ಲಿ ಹೊರಟ ತಾಯಿಗೆ ಹಾಗೆ ಹೇಳುವ ಧೈರ್ಯ ನಮಗಿಲ್ಲ.

ಹಾಗಾಗಿ ಮಿಂಬರಿನಲ್ಲಿ ನಿಂತು ಯಾವ ದೇಶಕ್ಕೂ ನಾವು ಗೆಲುವಿನ ಭವಿಷ್ಯ ನುಡಿಯುವುದಿಲ್ಲ. ಇಂದು ದುಆಗೆ ಕೈಯೆತ್ತುವಾಗ, ಮುತ್ತಿಗೆಯೊಳಗೆ ಸಿಲುಕಿದವರಿಗೆ ರೊಟ್ಟಿ, ನೀರು, ಔಷಧಿಯನ್ನೂ ಬೇಡೋಣ.