ಒತ್ತಿನೆಣೆಯ ಚಾಪ್ಲಿನ್: ಸಾರ್ವಜನಿಕ ಕಲೆ ಮತ್ತು ಧಾರ್ಮಿಕ ಆಕ್ಷೇಪ

ಸಾರ್ವಜನಿಕ ಜಾಗದಲ್ಲಿ ನಿಲ್ಲುವ ಕಲಾಕೃತಿಗೆ ಧರ್ಮದ ಹೆಸರಿನಲ್ಲಿ ಎದ್ದೇಳುವ ಆಕ್ಷೇಪಗಳು ಒಂದೇ ಬಗೆಯವಲ್ಲ. ಕೆಲವು ಕೃತಿಯ ರೂಪದ ಮೇಲೆ, ಕೆಲವು ಅದು ನಿಲ್ಲುವ ಸ್ಥಳದ ಮೇಲೆ, ಇನ್ನು ಕೆಲವು ಅದಕ್ಕೆ ಕೊಟ್ಟ ಸರಕಾರಿ ಭೂಮಿಯ ಮೇಲೆ. ಕೃತಿಯಲ್ಲಿ ಕಾಣುವ ವ್ಯಕ್ತಿ ಯಾವ ಮತದವನು ಎಂಬುದೇ ತಕರಾರಾಗುವುದೂ ಉಂಟು. 2009ರ ಮಾರ್ಚ್‌ನಲ್ಲಿ ಉಡುಪಿ ಜಿಲ್ಲೆಯ ಬೈಂದೂರಿನಲ್ಲಿ ನಡೆದದ್ದು ಮುಖ್ಯವಾಗಿ ಈ ಕೊನೆಯ ಬಗೆಯದು.

ಬೈಂದೂರು ಆಗ ಕುಂದಾಪುರ ತಾಲೂಕಿಗೆ ಸೇರಿದ ಸಣ್ಣ ಪೇಟೆ. ಊರಿನ ಪಡುವಣಕ್ಕೆ, ಕಡಲಿಗೆ ತಾಗಿಕೊಂಡು ಒತ್ತಿನೆಣೆಯ ಗುಡ್ಡವಿದೆ. ಅದರ ಆಸುಪಾಸಿನಲ್ಲೇ, ಅಲೆ ಬಡಿಯುವ ದಂಡೆಯಲ್ಲಿ, ಪಡುವರಿಯ ಸೋಮೇಶ್ವರ ದೇವಸ್ಥಾನ. ಕನ್ನಡ ಚಲನಚಿತ್ರ ನಿರ್ದೇಶಕ ಹೇಮಂತ್ ಹೆಗಡೆ ‘ಹೌಸ್‌ಫುಲ್’ ಚಿತ್ರಕ್ಕಾಗಿ ಈ ಪರಿಸರದಲ್ಲಿ ಚಾರ್ಲಿ ಚಾಪ್ಲಿನ್‌ನ 67 ಅಡಿ ಎತ್ತರದ ಪ್ರತಿಮೆಯನ್ನು ನಿಲ್ಲಿಸಲು ಹೊರಟರು. ಹಿಂದೂ ಸಂಘಟನೆಯ ಕಾರ್ಯಕರ್ತರು ಬಂದು ಕೆಲಸ ತಡೆದರು. ಚಾಪ್ಲಿನ್ ಕ್ರೈಸ್ತ, ದೇವಸ್ಥಾನದ ಹತ್ತಿರ ಅವನ ಪ್ರತಿಮೆ ಕೂಡದು ಎಂಬುದು ಅವರ ವಾದ. ಕೆಲಸ ಅಲ್ಲಿಗೇ ನಿಂತಿತು. ಸುದ್ದಿ ಲಂಡನ್ನಿನ ಪತ್ರಿಕೆಗಳವರೆಗೂ ಹೋಯಿತು.

ಈ ವಾದದಲ್ಲಿ ಎರಡು ಎಳೆಗಳಿವೆ, ಅವನ್ನು ಬಿಡಿಸಿ ನೋಡಬೇಕು. ದೇವಸ್ಥಾನದ ಪಕ್ಕದಲ್ಲಿ 67 ಅಡಿಯ ಯಾವ ಆಕೃತಿಯೂ ಬೇಡ, ಕಡಲ ದಂಡೆಯ ನೋಟ ಕೆಡುತ್ತದೆ, ಜಾತ್ರೆಗೆ ಬರುವವರಿಗೆ ತೊಡಕಾಗುತ್ತದೆ ಎಂದು ಊರವರು ಹೇಳಿದರೆ ಅದಕ್ಕೆ ತೂಕವಿದೆ. ಮುಂಬಯಿಯ ಅಂಧೇರಿಯ ಮೋಹನ್ ಸ್ಟುಡಿಯೋದಲ್ಲಿ ‘ಮೊಘಲ್-ಎ-ಆಝಮ್’ ಚಿತ್ರದ ಶೀಶ್ ಮಹಲ್ ಸೆಟ್ ಎದ್ದಾಗ ಯಾರನ್ನೂ ಕೇಳಬೇಕಾಗಿರಲಿಲ್ಲ. ಆ ಕನ್ನಡಿಗಳ ಅರಮನೆ ಕಾಂಪೌಂಡ್ ಗೋಡೆಯೊಳಗೆ ಇತ್ತು, ನೋಡಬೇಕೆಂದವರು ತಾವಾಗಿಯೇ ಹೋಗಿ ನೋಡಿದರು. ಬಯಲಿನಲ್ಲಿ ನಿಲ್ಲುವ ಪ್ರತಿಮೆ ಹಾಗಲ್ಲ. ಬೇಕೋ ಬೇಡವೋ, ಊರಿನ ಎಲ್ಲರೂ ಅದನ್ನು ದಿನವೂ ನೋಡಲೇಬೇಕು. ಆದ್ದರಿಂದ ಸ್ಥಳದ ಪ್ರಶ್ನೆ ಎತ್ತುವ ಹಕ್ಕು ಊರಿಗೆ ಇದ್ದೇ ಇದೆ.

ಮತದ ಪ್ರಶ್ನೆ ಬೇರೆ. ಅದೇ ಜಾಗದಲ್ಲಿ ಹಿಂದೂ ನಟನ ಪ್ರತಿಮೆಯಾದರೆ ಅಡ್ಡಿಯಿಲ್ಲ, ಚಾಪ್ಲಿನ್‌ನದಾದರೆ ಅಡ್ಡಿ ಎಂದಾಗ ಸ್ಥಳದ ವಾದ ಬಿದ್ದುಹೋಗುತ್ತದೆ. ಚಾಪ್ಲಿನ್ ಯಾವ ಮತವನ್ನೂ ಸಾರಲಿಲ್ಲ. ತೆರೆಯ ಮೇಲೆ ಅವನು ಹರಕು ಬೂಟು, ಸಡಿಲ ಷರಾಯಿ ತೊಟ್ಟ ಅಲೆಮಾರಿ. ಪೊಲೀಸನಿಗೆ ಹೆದರುವವನು, ಹಸಿದವನು, ಅನಾಥ ಮಗುವನ್ನು ಎತ್ತಿಕೊಂಡವನು. 1931ರ ಸೆಪ್ಟೆಂಬರ್‌ನಲ್ಲಿ ಲಂಡನ್ನಿನ ಬಡವರ ಬಡಾವಣೆಯೊಂದರಲ್ಲಿ ಅವನು ಗಾಂಧೀಜಿಯವರನ್ನು ಕಂಡು, ಯಂತ್ರಗಳನ್ನು ಅವರು ಏಕೆ ವಿರೋಧಿಸುತ್ತಾರೆಂದು ಕೇಳಿ ತಿಳಿದುಕೊಂಡ. ಗುಜರಾತಿನ ಕಚ್ಛ್ ಜಿಲ್ಲೆಯ ಆದಿಪುರ ಬೈಂದೂರಿನಂತೆಯೇ ಸಣ್ಣ ಊರು. ದೇಶ ವಿಭಜನೆಯ ಕಾಲದಲ್ಲಿ ಸಿಂಧ್ ಬಿಟ್ಟುಬಂದ ಹಿಂದೂಗಳು ನೆಲೆಸಿದ್ದು. ಅಲ್ಲಿ ಪ್ರತಿವರ್ಷ ಏಪ್ರಿಲ್ 16ರಂದು, ಚಾಪ್ಲಿನ್ ಹುಟ್ಟಿದ ದಿನ, ಹಿರಿಯರೂ ಮಕ್ಕಳೂ ಟೋಪಿ, ತುಂಡು ಮೀಸೆ, ಬೆತ್ತ ಧರಿಸಿ ಮೆರವಣಿಗೆ ಹೊರಡುತ್ತಾರೆ. ಅದರಿಂದ ಯಾರ ಭಕ್ತಿಗೂ ಕುಂದು ಬಂದಿಲ್ಲ.

ಕರಾವಳಿಯ ಸ್ವಂತ ಪರಂಪರೆಯೂ ಈ ಆಕ್ಷೇಪದ ಪರವಾಗಿಲ್ಲ. ಯಕ್ಷಗಾನದ ಪೂರ್ವರಂಗದಲ್ಲಿ ಮೊದಲು ರಂಗಕ್ಕೆ ಬರುವವರಲ್ಲಿ ಕೋಡಂಗಿಗಳಿದ್ದಾರೆ; ದೇವಸ್ಥಾನದ ಎದುರಿನ ಬಯಲಿನಲ್ಲೇ ಅವರ ಕುಣಿತ. ಹಾಸ್ಯಗಾರ ದೇವೇಂದ್ರನ ಸಭೆಯಲ್ಲಿ ನಿಂತು ನಗಿಸುತ್ತಾನೆ, ಸೇವೆಯಾಟ ಆಡಿಸಿದ ಹರಕೆಯವರೂ ನಗುತ್ತಾರೆ. ಮೊಗವೀರರು ಕಡಲಿಗಿಳಿಯುವ ಮುನ್ನ ನೆನೆಯುವ ಬೊಬ್ಬರ್ಯ ದೈವ ಮುಸ್ಲಿಂ ವರ್ತಕನೊಬ್ಬನ ಮಗನೆಂದು ಐತಿಹ್ಯ ಹೇಳುತ್ತದೆ. ಮೂಲ್ಕಿಯ ಬಪ್ಪನಾಡು ದೇವಸ್ಥಾನದ ಸ್ಥಳಪುರಾಣದ ನಡುವೆ ಬಪ್ಪ ಬ್ಯಾರಿ ಎಂಬ ಮುಸ್ಲಿಂ ವರ್ತಕನಿದ್ದಾನೆ. ಪರಮತದವನ ಮಗನನ್ನು ದೈವವಾಗಿ ನಂಬಿದ ಸೀಮೆ, ಪರಮತದಲ್ಲಿ ಹುಟ್ಟಿದ ನಗೆನಟನೊಬ್ಬನಿಗೆ ಎಡೆಯಿಲ್ಲವೆಂದದ್ದು ನೋವಿನ ಸಂಗತಿ.

ರೂಪದ ಮೇಲಿನ ಆಕ್ಷೇಪಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆ ಎಂ.ಎಫ್. ಹುಸೇನ್. ದೇವತೆಗಳ ನಗ್ನ ಚಿತ್ರಗಳ ಕಾರಣಕ್ಕೆ 1998ರಲ್ಲಿ ಅವರ ಮುಂಬಯಿ ಮನೆಯ ಮೇಲೆ ದಾಳಿಯಾಯಿತು. ‘ಭಾರತಮಾತೆ’ ಎಂದು ಹೆಸರಾದ ಚಿತ್ರದ ಮೊಕದ್ದಮೆಗಳನ್ನು 2008ರ ಮೇ ತಿಂಗಳಲ್ಲಿ ದಿಲ್ಲಿ ಹೈಕೋರ್ಟು ರದ್ದುಮಾಡಿದರೂ ದೇಶ ಬಿಟ್ಟಿದ್ದ ಅವರಿಗೆ ಊರಿಗೆ ಮರಳಲಾಗಲಿಲ್ಲ. 2011ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು.

ಭೂಮಿಯ ಪ್ರಶ್ನೆ ಕನಕಪುರ ತಾಲೂಕಿನ ಹಾರೋಬೆಲೆಯಲ್ಲಿ ಎದ್ದಿತು. ಅಲ್ಲಿನ ಕಪಾಲಬೆಟ್ಟದಲ್ಲಿ 114 ಅಡಿ ಎತ್ತರದ ಏಸು ಪ್ರತಿಮೆಗೆ 2019ರ ಡಿಸೆಂಬರ್ 25ರಂದು ಡಿ.ಕೆ. ಶಿವಕುಮಾರ್ ಶಂಕುಸ್ಥಾಪನೆ ಮಾಡಿದರು. 2020ರ ಜನವರಿಯಲ್ಲಿ ಕನಕಪುರದಲ್ಲಿ ದೊಡ್ಡ ಪ್ರತಿಭಟನೆ ನಡೆಯಿತು. ಸರಕಾರಿ ಜಮೀನು ಮಂಜೂರಾದ ಬಗೆಯನ್ನು ಪ್ರಶ್ನಿಸುವುದು ನ್ಯಾಯವಾದದ್ದೇ. ಆದರೆ ಆ ಪ್ರಶ್ನೆ ಎಲ್ಲ ಮತದ ಪ್ರತಿಮೆಗಳಿಗೂ ಒಂದೇ ಆಗಿರಬೇಕು. ಕಾರ್ಕಳದ ಬೈಲೂರಿನಲ್ಲಿ 2023ರ ಜನವರಿಯಲ್ಲಿ ಉದ್ಘಾಟನೆಯಾದ 33 ಅಡಿಯ ಪರಶುರಾಮ ಪ್ರತಿಮೆ ಪೂರ್ತಿ ಕಂಚಿನದಲ್ಲ ಎಂಬ ಆರೋಪ ಬಂದು, ಅದೇ ವರ್ಷ ಅದರ ಮೇಲ್ಭಾಗವನ್ನು ತೆಗೆಯಲಾಯಿತು. ತಮ್ಮದೇ ದೇವರ ಹೆಸರಿನ ಕಾಮಗಾರಿಯಲ್ಲೂ ಲೆಕ್ಕ ಕೇಳಬೇಕಾಗುತ್ತದೆ ಎಂಬುದಕ್ಕೆ ಅದು ಸಾಕ್ಷಿ.

ಕಾನೂನಿನ ನಿಲುವು ಸಾಕಷ್ಟು ಸ್ಪಷ್ಟವಾಗಿದೆ. 1927ರಲ್ಲಿ ಭಾರತೀಯ ದಂಡಸಂಹಿತೆಗೆ ಸೇರಿದ 295ಎ ಕಲಮು ಉದ್ದೇಶಪೂರ್ವಕವಾಗಿ, ದುರುದ್ದೇಶದಿಂದ ಧಾರ್ಮಿಕ ಭಾವನೆಗೆ ಮಾಡಿದ ಅವಮಾನವನ್ನು ಮಾತ್ರ ಅಪರಾಧವೆಂದಿತು. ನಗೆನಟನ ಪ್ರತಿಮೆ ಅದರ ಹತ್ತಿರಕ್ಕೂ ಬರುವುದಿಲ್ಲ. ಪ್ರತಿಭಟನೆಯ ಬೆದರಿಕೆಗೆ ಮಣಿದು ಅಭಿವ್ಯಕ್ತಿಯನ್ನು ಹತ್ತಿಕ್ಕಲಾಗದು, ಅದನ್ನು ಕಾಪಾಡುವುದು ಸರಕಾರದ ಹೊಣೆ ಎಂದು 1989ರಲ್ಲಿ ಎಸ್. ರಂಗರಾಜನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಹೇಳಿತು. ಅದೇ ನ್ಯಾಯಾಲಯ 2013ರ ಜನವರಿಯಲ್ಲಿ, ಸಾರ್ವಜನಿಕ ರಸ್ತೆ, ಕಾಲುದಾರಿಗಳಲ್ಲಿ ಪ್ರತಿಮೆ ನಿಲ್ಲಿಸಲು ಅನುಮತಿ ಕೊಡಬಾರದೆಂದು ರಾಜ್ಯಗಳಿಗೆ ಆದೇಶಿಸಿತು. ಈ ಆದೇಶ ಪ್ರತಿಮೆಯ ಮತವನ್ನು ಕೇಳುವುದಿಲ್ಲ.

ಸಣ್ಣ ಊರಿನಲ್ಲಿ ಇದೆಲ್ಲ ಬಗೆಹರಿಯಬೇಕಾದದ್ದು ಗ್ರಾಮಸಭೆಯಲ್ಲಿ. ಪ್ರತಿಮೆ ನಿಲ್ಲಿಸುವವರು ನಕಾಶೆ, ಎತ್ತರ, ಜಾಗದ ಪಹಣಿ, ಎಷ್ಟು ಕಾಲ ಇರುತ್ತದೆಂಬ ವಿವರವನ್ನು ಮೊದಲೇ ಮುಂದಿಡಬೇಕು. ದೇವಸ್ಥಾನದ ಆಡಳಿತ ಮಂಡಳಿ, ಮೀನುಗಾರರು, ಅಂಗಡಿಯವರು ತಮ್ಮ ಮಾತನ್ನು ಅಲ್ಲಿ ಹೇಳಬೇಕು. ಒಪ್ಪಿಗೆಯಾದರೂ ನಿರಾಕರಣೆಯಾದರೂ ಕಾರಣ ಬರೆದು ಕೊಡುವುದು ಅಧಿಕಾರಿಯ ಕೆಲಸ. ಅದು ಗುಂಪಿನ ಕೆಲಸವಲ್ಲ. ಜಾಗ, ಎತ್ತರ, ಖರ್ಚು, ಪೂಜೆಗೆ ಆಗುವ ಅಡಚಣೆ, ಇವೆಲ್ಲ ಆ ಬರಹದಲ್ಲಿ ಬರಬಹುದಾದ ಕಾರಣಗಳು. ಕಲಾವಿದನ ಮತವಾಗಲಿ ಚಾಪ್ಲಿನ್‌ನ ಮತವಾಗಲಿ ಕಾರಣವಾಗುವಂತಿಲ್ಲ.