ಶೀತದೇಶದ ಕಾಡುಮರಗಳು ಬೆಳೆಯುವ ಬಗೆ



ತುಮಕೂರಿನ ಶಿರಾ ಗೇಟನ್ನು ದಾಟಿ ಉತ್ತರಕ್ಕೆ ಹೊರಟವರಿಗೆ ಮಳೆಯು ಕಡಮೆಯಾಗುತ್ತ ಹೋಗುವುದೂ, ಅದರೊಡನೆ ಮರಗಳು ಕುಳ್ಳಾಗುತ್ತ ಹೋಗುವುದೂ ಕಂಡುಬರುತ್ತದೆ. ನೀರಿನ ಅಭಾವವೇ ಇದಕ್ಕೆ ಕಾರಣವೆಂಬುದು ಸರ್ವರಿಗೂ ವಿದಿತವಾಗಿದೆ. ಆದರೆ ವರ್ಷದಲ್ಲಿ ಅನೇಕ ತಿಂಗಳು ಹಿಮವು ಮುಚ್ಚಿರುವ ಫಿನ್ಲೆಂಡ್, ಸ್ವೀಡನ್, ಸೈಬೀರಿಯಾ ಮೊದಲಾದ ಕಡೆಯ ಮರಗಳಿಗೂ ಇದೇ ಕಷ್ಟವುಂಟೆಂದರೆ ಆಶ್ಚರ್ಯವಾಗಬಹುದು.

ಅಲ್ಲಿ ಚಳಿಗಾಲದಲ್ಲಿ ನೆಲದೊಳಗಿನ ನೀರು ಗಡ್ಡೆಗಟ್ಟಿ ಕಲ್ಲಿನಂತಾಗುತ್ತದೆ. ನೀರಿದ್ದರೂ ಅದು ಬೇರಿಗೆ ದಕ್ಕುವುದಿಲ್ಲ. ಆದಕಾರಣ ಪೈನ್, ಸ್ಪ್ರೂಸ್ ಮರಗಳ ಎಲೆಗಳು ಸೂಜಿಯಂತೆ ಸಣ್ಣಗಿದ್ದು, ಮೇಣದಂಥ ಪದರವನ್ನು ಹೊದೆದು ತೇವವನ್ನು ಕಾಪಾಡಿಕೊಳ್ಳುತ್ತವೆ. ಬರ್ಚ್, ಲಾರ್ಚ್ ಮರಗಳಾದರೋ, ಇಲ್ಲಿಯ ಕಾಡುಮರಗಳು ಒಣಹವೆಯಲ್ಲಿ ಮಾಡುವಂತೆಯೇ, ಎಲೆಗಳನ್ನು ಉದುರಿಸಿ ನಿಲ್ಲುತ್ತವೆ. ಬೇಸಗೆಯ ಕೊನೆಗೆ ಹಗಲು ಕಿರಿದಾಗುತ್ತಲೇ ಮರವು ಬೆಳೆಯುವುದನ್ನು ನಿಲ್ಲಿಸಿ, ಮುಂದಿನ ವರ್ಷದ ಚಿಗುರನ್ನು ಮೊಗ್ಗಿನೊಳಗೆ ಭದ್ರಪಡಿಸುತ್ತದೆ.

ದೂರದ ಉತ್ತರದಲ್ಲಿ ಬೆಳೆಯುವುದಕ್ಕೆ ವರ್ಷಕ್ಕೆ ಮೂರು ನಾಲ್ಕು ತಿಂಗಳು ಮಾತ್ರ ದೊರೆಯುವುದರಿಂದ ಕಾಂಡದ ವಾರ್ಷಿಕ ಉಂಗುರಗಳು ತೀರ ಕಿರಿದು. ಅಲ್ಲಿ ಪೈನ್ ಮರವು ದಿಮ್ಮಿಗೆ ಬರಲು 100 ವರ್ಷಕ್ಕೂ ಹೆಚ್ಚು ಹಿಡಿಯುವುದುಂಟು. ಹೀಗಿರುವುದರಿಂದ ಕಡಿಯುವವನು ಮುಂದಿನ ತಲೆಮಾರನ್ನು ನೆನೆಯಬೇಕಾಗುತ್ತದೆ. ಮರ ಕಡಿದ ಭೂಮಾಲೀಕನು ಅಲ್ಲಿ ಮತ್ತೆ ಮರ ಬೆಳೆಸತಕ್ಕದ್ದೆಂದು ಸ್ವೀಡನ್ನಿನಲ್ಲಿ 1903ರಲ್ಲಿಯೇ ಕಾನೂನಾಯಿತು.

ಉತ್ತರದ ಮರವು ಬಿಸಿಲನ್ನು ಕಾಯುವಂತೆ ಈ ಸೀಮೆಯ ಮರವು ಮಳೆಯನ್ನು ಕಾಯುತ್ತದೆ. ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಕಾಡಿನಲ್ಲಿರುವ ಕಮರವೇ ಇದಕ್ಕೆ ನಿದರ್ಶನ. ಇದರ ಸಸಿಯು ಮೊದಲು ಬೇರನ್ನು ಆಳಕ್ಕೆ ಇಳಿಸುತ್ತದೆ. ಮೇಲಿನ ಕುಡಿಯು ಬೇಸಗೆಯಲ್ಲಿ ಒಣಗಿ, ಮಳೆ ಬಿದ್ದೊಡನೆ ಬುಡದಿಂದ ಪುನಃ ಚಿಗುರುತ್ತದೆ. ಕೆಲವು ವರ್ಷ ಹೀಗೆಯೇ ನಡೆಯುವುದುಂಟು. ಸಸಿಯು ಸತ್ತಿತೆಂದು ತಿಳಿದು ಕಿತ್ತುಹಾಕುವವರೂ, ಮೇಕೆಗಳನ್ನು ಬಿಡುವವರೂ, ಹುಲ್ಲಿಗೆಂದು ಬೆಂಕಿ ಹಚ್ಚುವವರೂ ಅಷ್ಟು ವರ್ಷಗಳ ಬೇರಿನ ಗಳಿಕೆಯನ್ನು ಒಂದೇ ದಿನದಲ್ಲಿ ಕಳೆದಂತಾಗುವುದು.

ಆದುದರಿಂದ ಭೂಮಾಲೀಕರು ಗಮನಿಸತಕ್ಕ ಅಂಶಗಳಿವು:

1. ಬೇಸಗೆಯಲ್ಲಿಯೇ ಗುಂಡಿ ತೆಗೆದಿಟ್ಟು, ಮಳೆಗಾಲದಲ್ಲಿ ನೆಲ ಚೆನ್ನಾಗಿ ನೆನೆದೊಡನೆ ಹೊಂಗೆ, ಬೇವು, ಹುಣಿಸೆ ಸಸಿಗಳನ್ನು ನೆಡತಕ್ಕದ್ದು. ತಡಮಾಡಿದರೆ ಬೇರೂರುವ ಕಾಲವು ಕೈತಪ್ಪುತ್ತದೆ.

2. ಮೊದಲ ವರ್ಷಗಳಲ್ಲಿ ಮುಳ್ಳುಬೇಲಿ ಕಟ್ಟಿ ದನಕರು, ಮೇಕೆಗಳಿಂದ ಕಾಯತಕ್ಕದ್ದು.

3. ಒಣಗಿದಂತೆ ಕಾಣುವ ಸಸಿಯನ್ನು ಮುಂದಿನ ಮಳೆಯನ್ನು ನೋಡದೆ ಕೀಳಬಾರದು.

ಊರಿನ ಮುಖಂಡರು ಗೋಮಾಳದ ಅಂಚಿನಲ್ಲಿಯೂ ಕೆರೆಯಂಗಳದ ಮೇಲ್ದಂಡೆಯಲ್ಲಿಯೂ ಇದನ್ನು ನಡೆಸಿ ತೋರಿಸಿದರೆ ಉಳಿದವರು ತಾವಾಗಿಯೇ ಅನುಸರಿಸುವರು. ನೆಟ್ಟವನಿಗಿಂತ ಅವನ ಮಕ್ಕಳೇ ಮರದ ನೆರಳನ್ನು ಹೆಚ್ಚಾಗಿ ಅನುಭವಿಸುವರೆಂಬುದು ಹಿಮದ ನಾಡಿಗೂ ಈ ಬಯಲುಸೀಮೆಗೂ ಸಮನಾದ ಮಾತು.